ಕಂಬಾರನ ಮಗಳಿಗೂ ಅದೇ ಹೆಸರು

ಪ್ರಶ್ನೆ: ನನ್ನ ಮಗಳು ಜಾರ್ಜಿಯಾ ದೇಶದ ತ್ಬಿಲಿಸಿಯಲ್ಲಿ ಮೆಡಿಕಲ್ ಓದುತ್ತಿದ್ದಾಳೆ. ಮೊನ್ನೆ ಬಾಡಿಗೆ ಮನೆಯ ಬಾಗಿಲ ಮೇಲಿನ ಬೋರ್ಡಿನ ಫೋಟೋ ಕಳಿಸಿದಳು. ನೋಡಿದ ಕೂಡಲೇ ಕನ್ನಡವೇ ಅನ್ನಿಸಿತು. ಕನ್ನಡಕ ಹಾಕಿಕೊಂಡು ಓದಲು ಹೋದರೆ ಒಂದಕ್ಷರವೂ ಬರಲಿಲ್ಲ! ಮನೆ ಒಡತಿಯ ಸರ್‌ನೇಮ್ 'ಮ್ಚೆಡ್ಲಿಶ್ವಿಲಿ' ಅಂತೆ. ಇದನ್ನು ಹೇಗೆ ಹೇಳುವುದು? ಇಂಟರ್ನೆಟ್ಟಿನಲ್ಲಿ ಹುಡುಕಿದರೆ 'ಕಮ್ಮಾರನ ಮಗ' ಅಂತ ಅರ್ಥ ಬರುತ್ತದೆ. ಒಡತಿ ಹೆಂಗಸು, ಮಗ ಹೇಗಾದಾರು? ಇನ್ನೊಂದು ಕಷ್ಟ. ಬಾಡಿಗೆ ಕರಾರಿಗೆ ಮಗಳ ಸರ್‌ನೇಮ್ ಕೇಳಿದರಂತೆ. ನಮ್ಮ ಮನೆಯಲ್ಲಿ ಇನಿಷಿಯಲ್ ಬಿಟ್ಟರೆ ಇನ್ನೇನಿದೆ?
ಒಬ್ಬ ತಂದೆ, ತ್ಯಾಗರಾಜನಗರ

ಉತ್ತರ: ನಿಮ್ಮ ಕನ್ನಡಕದ ತಪ್ಪಲ್ಲ ಸ್ವಾಮಿ. ಜಾರ್ಜಿಯನ್ ಲಿಪಿಯನ್ನು ದೂರದಿಂದ ನೋಡಿದರೆ ನನಗೂ ಹಾಗೇ ಅನ್ನಿಸುತ್ತದೆ. ದುಂಡು ದುಂಡು, ಬಾಲ ಬಾಲ. ಯಾರೋ ಕನ್ನಡ ಬರೆಯಲು ಶುರು ಮಾಡಿ, ಪ್ರತಿ ಅಕ್ಷರವನ್ನೂ ಅರ್ಧಕ್ಕೇ ಬಿಟ್ಟು ಎದ್ದು ಹೋದ ಹಾಗೆ. ಸಂಬಂಧ ಮಾತ್ರ ಏನೂ ಇಲ್ಲ. ಅವರದು 33 ಅಕ್ಷರ. ನಮ್ಮ ಹಾಗೆ ದೊಡ್ಡಕ್ಷರ, ಚಿಕ್ಕಕ್ಷರ ಅನ್ನುವ ತಾಪತ್ರಯ ಅಲ್ಲೂ ಇಲ್ಲ. ಆದರೆ ನಮ್ಮ ಹಾಗೆ ಒತ್ತಕ್ಷರವೂ ಇಲ್ಲ, ಕಾಗುಣಿತವೂ ಇಲ್ಲ. ವ್ಯಂಜನದ ಪಕ್ಕ ವ್ಯಂಜನ ಸುಮ್ನೆ ಸಾಲಾಗಿ ನಿಂತುಬಿಡುತ್ತವೆ, ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ನಿಂತವರ ಥರ. ಅವರ ಭಾಷೆಯಲ್ಲಿ 'ಗ್ವ್ಪ್ರ್‌ತ್ಸ್‌ಕ್ವ್ನಿ' ಅನ್ನುವ ಒಂದು ಮಾತಿದೆ. 'ನೀನು ನಮ್ಮ ಸಿಪ್ಪೆ ಸುಲಿಯುತ್ತೀಯ' ಅಂತ ಅರ್ಥ. ಒಂದು ಸ್ವರ ಬರುವ ಮೊದಲು ಎಂಟು ವ್ಯಂಜನ. ಹೇಳಲು ಹೋದರೆ ನಿಜಕ್ಕೂ ನಾಲಿಗೆಯ ಸಿಪ್ಪೆ ಸುಲಿಯುತ್ತದೆ. ಅದಕ್ಕೆ ಹೋಲಿಸಿದರೆ ನಿಮ್ಮ ಮಗಳ ಮನೆ ಒಡತಿಯದು ಮೃದುವಾದ ಹೆಸರು.

ಮೊದಲು ಉಚ್ಚಾರ. ನೀವು 'ಡ' ಹಾಕಿದ್ದೀರಿ. ಅದು ಇಂಗ್ಲಿಷ್ ಕಾಗುಣಿತ ನಮಗೆ ಮಾಡುವ ಮೋಸ. ಜಾರ್ಜಿಯನ್ನರದು ನಮ್ಮ 'ದ'. ಆದ್ದರಿಂದ 'ಮ್ಚೆ-ದ್ಲಿ-ಶ್ವಿ-ಲಿ' ಅಂತ ನಾಲ್ಕು ತುಂಡು ಮಾಡಿ ಹೇಳಿ. ಮೊದಲ 'ಮ್' ಹೇಳುವಾಗ ತುಟಿ ಮುಚ್ಚಿ, ಹಾಗೇ 'ಚೆ'ಗೆ ಜಾರಬೇಕು. 'ಇಮ್' ಅನ್ನಬೇಡಿ, 'ಮು' ಅಂತಲೂ ಅನ್ನಬೇಡಿ. ಆ 'ಚ'ದಲ್ಲೂ ಒಂದು ಗುಟ್ಟಿದೆ. ಅವರಿಗೆ ಎರಡು 'ಚ'. ಒಂದು ನಮ್ಮ 'ಛ' ಥರ ಉಸಿರು ಬಿಟ್ಟು ಹೇಳುವುದು. ಇನ್ನೊಂದು ಉಸಿರು ಬಿಡದೆ, ಗಂಟಲು ಬಿಗಿಹಿಡಿದು 'ಚ್' ಅಂತ ಸಿಡಿಸುವುದು. ಕಾದ ಕಬ್ಬಿಣಕ್ಕೆ ಒಂದು ತೊಟ್ಟು ನೀರು ಬಿದ್ದ ಹಾಗೆ. ಈ ಹೆಸರಿನಲ್ಲಿ ಇರುವುದು ಎರಡನೆಯದು. ಹೆಸರಿನ ಅರ್ಥಕ್ಕೂ ಅದೇ ಸರಿ ಅಲ್ವಾ.

ಇನ್ನು ಅರ್ಥ. ಜಾರ್ಜಿಯನ್‌ನಲ್ಲಿ 'ಚೆದ್ವಾ' ಅಂದರೆ ಕಬ್ಬಿಣ ಕಾಯಿಸಿ ಬಡಿಯುವುದು. ಆ ಧಾತುವಿನ ಹಿಂದೆ ಒಂದು 'ಮ್', ಮುಂದೆ ಒಂದು 'ಎಲ್' ಅಂಟಿಸಿದರೆ ಆ ಕೆಲಸ ಮಾಡುವವನು ಅಂತಾಗುತ್ತದೆ: 'ಮ್ಚೆದೆಲಿ'. ಕಂಬಾರ. ಕೊನೆಯ 'ಇ' ಬರೀ ಪ್ರಥಮಾ ವಿಭಕ್ತಿ. 'ಕಂಬಾರನ' ಅನ್ನಬೇಕಾದರೆ ನಡುವಿನ 'ಎ' ಬಿದ್ದುಹೋಗಿ 'ಮ್ಚೆದ್ಲಿಸ್' ಆಗುತ್ತದೆ. ಸ್ವರ ಬೀಳುವುದು ಯಾಕೆ ಅಂತ ತಲೆ ಕೆರೆದುಕೊಳ್ಳಬೇಡಿ. ನೀವು ದಿನಾ ಮಾಡುವುದೂ ಅದನ್ನೇ. ಕೆಲಸ ಅಂತ ಬರೆದು ಕೆಲ್ಸ ಅನ್ನುತ್ತೀರಿ. ಬಸವನಗುಡಿ ಅಂತ ಬೋರ್ಡು, ಕಂಡಕ್ಟರ್ ಕೂಗುವುದು ಬಸ್ವನ್‌ಗುಡಿ. ನಾವು ಬಾಯಲ್ಲಿ ಬೀಳಿಸಿ ಬರಹದಲ್ಲಿ ಉಳಿಸಿಕೊಳ್ಳುತ್ತೇವೆ, ಅವರು ಬರಹದಲ್ಲೂ ಬೀಳಿಸಿದ್ದಾರೆ, ಅಷ್ಟೇ.

ಈ ಪದದ ಮೇಲೆ ಇನ್ನೊಂದು ಚಂದದ ಕಸರತ್ತು ಇದೆ, ಹೇಳದೆ ಇರಲಾರೆ. ಒಂದು ಪದದ ಹಿಂದೆ 'ಸ', ಮುಂದೆ 'ಓ' ಸೇರಿಸಿದರೆ ಅದರ ಜಾಗ ಅಂತ ಅರ್ಥ ಬರುತ್ತದೆ. ಮ್ಚೆದೆಲಿಯ ಜಾಗ 'ಸಮ್ಚೆದ್ಲೋ', ಅಂದರೆ ಕುಲುಮೆ. ಜಾರ್ಜಿಯನ್ನರು ತಮ್ಮನ್ನು 'ಕಾರ್ತ್ವೆಲಿ' ಅಂತ ಕರೆದುಕೊಳ್ಳುತ್ತಾರೆ. ಅವರ ಜಾಗ 'ಸಕಾರ್ತ್ವೆಲೋ'. ಅದೇ ಅವರ ದೇಶದ ಹೆಸರು. ಜಾರ್ಜಿಯಾ ಅನ್ನುವುದು ಹೊರಗಿನವರು ಇಟ್ಟದ್ದು. ಕುಲುಮೆಗೂ ದೇಶಕ್ಕೂ ಒಂದೇ ಅಚ್ಚು.

ಈಗ ನಿಮ್ಮ ನಿಜವಾದ ಪ್ರಶ್ನೆ. ಹೆಂಗಸು 'ಮಗ' ಹೇಗಾದಾರು? ಆಗಿಲ್ಲ. ಇಂಟರ್ನೆಟ್ ಅನುವಾದ ತಪ್ಪು. 'ಶ್ವಿಲಿ' ಅಂದರೆ ಮಗ ಅಲ್ಲ, ಮಗು. ಹೆಣ್ಣೂ ಆಗಬಹುದು, ಗಂಡೂ ಆಗಬಹುದು. ನಮ್ಮಲ್ಲಿ ಇದಕ್ಕೆ ಸರಿಯಾಗಿ ಹೊಂದುವ ಪದ 'ಕುಡಿ'. ಅವರ ಹೆಸರು 'ಕಂಬಾರನ ಕುಡಿ', ಅಷ್ಟೇ. ಗಂಡು ಅಂತ ಒತ್ತಿ ಹೇಳಬೇಕಾದರೆ ಜಾರ್ಜಿಯನ್ನರು 'ವಝಿಶ್ವಿಲಿ' ಅನ್ನುತ್ತಾರೆ, ಹೆಣ್ಣಾದರೆ 'ಕಲಿಶ್ವಿಲಿ'. ಮೊಮ್ಮಗುವಿಗೆ ಏನು ಗೊತ್ತಾ? 'ಶ್ವಿಲಿಶ್ವಿಲಿ'. ಮಗುವಿನ ಮಗು. ಇಷ್ಟು ಮುದ್ದಾದ ಪದ ಯಾವ ಭಾಷೆಯಲ್ಲೂ ಸಿಗದು ಅಂತ ನನ್ನ ಅಭಿಪ್ರಾಯ. ನನ್ನ ಮೊಮ್ಮಗಳನ್ನು ಒಂದು ವಾರ ಹಾಗೇ ಕರೆದೆ. ಆಮೇಲೆ ಅವಳು ಓಗೊಡುವುದನ್ನೇ ನಿಲ್ಲಿಸಿದಳು.

ಅವರ ವ್ಯಾಕರಣದಲ್ಲಿ ಲಿಂಗವೇ ಇಲ್ಲ. ಅವನು, ಅವಳು, ಅದು ಮೂರಕ್ಕೂ ಒಂದೇ ಪದ, 'ಇಸ್'. ಹಾಗಾಗಿ ರಷ್ಯನ್ನರ ಹಾಗೆ ಗಂಡನಿಗೆ ಒಂದು ಸರ್‌ನೇಮ್, ಹೆಂಡತಿಗೆ ಅದಕ್ಕೇ 'ಆ' ಸೇರಿಸಿ ಇನ್ನೊಂದು ಅನ್ನುವ ಪದ್ಧತಿ ಬರಲಿಲ್ಲ. ಮದುವೆಯಾದ ಮೇಲೂ ತವರಿನ ಹೆಸರನ್ನೇ ಇಟ್ಟುಕೊಳ್ಳುವ ಹೆಂಗಸರು ಅಲ್ಲಿ ಬೇಕಾದಷ್ಟು. ಹಾಗಾಗಿ ಆ ಬೋರ್ಡಿನಲ್ಲಿರುವ ಕಂಬಾರ ಆಕೆಯ ಗಂಡನ ಕಡೆಯವನೋ, ಅಪ್ಪನ ಕಡೆಯವನೋ ಅಂತ ಬೋರ್ಡು ನೋಡಿ ಹೇಳಲಾಗದು.

ಹೆಸರಿನ ಬಾಲ ಊರನ್ನೂ ಹೇಳುತ್ತದೆ. '-ಶ್ವಿಲಿ' ಜಾಸ್ತಿ ಪೂರ್ವದ ಕಡೆಯದು, ಕಾರ್ತ್ಲಿ, ಕಾಖೇತಿ ಸೀಮೆ. '-ದ್ಜೆ' ಪಶ್ಚಿಮದ್ದು, ಇಮೆರೇತಿ, ಗುರಿಯಾ, ಅಜಾರಾ ಕಡೆ. ಅದಕ್ಕೆ ಹಳೆಯ ಜಾರ್ಜಿಯನ್‌ನಲ್ಲಿ ನಿಜವಾಗಿಯೂ 'ಮಗ' ಅಂತಲೇ ಅರ್ಥ. ಕೊನೆಗೆ '-ಇಯಾ', '-ಅವಾ', '-ಉವಾ' ಬಂದರೆ ಕಪ್ಪು ಸಮುದ್ರದ ಹತ್ತಿರದ ಸಮೆಗ್ರೆಲೋದವರು. ನಿಮ್ಮ ಮನೆಯಲ್ಲಿ ಫುಟ್‌ಬಾಲ್ ನೋಡುವ ಹುಡುಗರಿದ್ದರೆ ಪ್ಯಾರಿಸ್ ತಂಡದ ಕ್ವರತ್ಸ್‌ಖೇಲಿಯಾ ಗೊತ್ತಿರುತ್ತಾನೆ, ಅವನ ಹೆಸರು ಆ ಪೈಕಿಯದು. '-ಇಯಾನಿ' ಅಂದರೆ ಬಹುಮಟ್ಟಿಗೆ ಹಿಮದ ಬೆಟ್ಟಗಳ ಸ್ವಾನೇತಿ. ಬೇರೆ ಬೇರೆ ಸೀಮೆಗಳಲ್ಲಿ ಒಂದೇ ಕಸುಬಿಗೆ ಬೇರೆ ಬೇರೆ ಬಾಲ. ಪೂರ್ವದಲ್ಲಿ ಮ್ಚೆದ್ಲಿಶ್ವಿಲಿ, ಪಶ್ಚಿಮದಲ್ಲಿ ಮ್ಚೆದ್ಲಿದ್ಜೆ. ನಮ್ಮಲ್ಲಿ ಬೆಳಗಾವಿ ಕಡೆ ಕಂಬಾರ, ಈ ಕಡೆ ಕಮ್ಮಾರ ಅಂದ ಹಾಗೆ.

ಕಂಬಾರ ಅಂದ ಮೇಲೆ ನನ್ನ ಕಥೆ ಸ್ವಲ್ಪ ಹೇಳಿಬಿಡುತ್ತೇನೆ. ನಾನು ಹನುಮಂತನಗರದ ಹುಡುಗ. ಬ್ಯಾಂಕಿನಲ್ಲಿ ಕ್ಲರ್ಕ್ ಕೆಲಸ ಸಿಕ್ಕಿತು, 1984ರಲ್ಲಿ ಗೋಕಾಕದ ಹತ್ತಿರದ ಒಂದು ಬ್ರಾಂಚಿಗೆ ಹಾಕಿದರು. ಅಲ್ಲಿಯವರೆಗೆ ನನಗೆ ಹೆಸರು ಅಂದರೆ ಮುಂದೆ ಎರಡು ಇನಿಷಿಯಲ್, ಹಿಂದೆ ಒಂದು ರಾಮಸ್ವಾಮಿಯೋ ಕೃಷ್ಣಮೂರ್ತಿಯೋ. ಮೊದಲ ದಿನ ಲೆಡ್ಜರ್ ತೆರೆದೆ. ಬಡಿಗೇರ. ಪತ್ತಾರ. ಹೂಗಾರ. ಕುಂಬಾರ. ಮೆಣಸಿನಕಾಯಿ. ಉಳ್ಳಾಗಡ್ಡಿ. ಯಾರೋ ಸಂತೆಯ ಲೆಕ್ಕವನ್ನು ತಪ್ಪಿ ಇಲ್ಲಿ ಬರೆದಿದ್ದಾರೆ ಅಂದುಕೊಂಡೆ! ಪಕ್ಕದ ಸೀಟಿನವರಿಗೆ ತೋರಿಸಿದೆ. ಅವರು ನಗಲಿಲ್ಲ. 'ನಮ್ಮ ಅಡ್ಡಹೆಸರು ಹಂಗ ಇರ್ತಾವ್ರಿ' ಅಂದರು. ಅವರ ಅಡ್ಡಹೆಸರು ಕಂಬಾರ. ಅವರ ಮನೆಯಲ್ಲಿ ಮೂರು ತಲೆಮಾರಿನಿಂದ ಯಾರೂ ಸುತ್ತಿಗೆ ಹಿಡಿದಿರಲಿಲ್ಲ. ಅಪ್ಪ ಟೇಲರ್, ಮಗ ಬ್ಯಾಂಕಿನಲ್ಲಿ. ಜ್ಞಾನಪೀಠ ಪಡೆದ ಚಂದ್ರಶೇಖರ ಕಂಬಾರರೂ ಅದೇ ಸೀಮೆಯ ಘೋಡಗೇರಿಯವರು, ಅವರದೂ ಅದೇ ಹೆಸರು. ಆದ್ದರಿಂದ ತ್ಬಿಲಿಸಿಯ ಒಡತಿಗೆ ಕನ್ನಡದ ಅಡ್ಡಹೆಸರು ಕೊಡಬೇಕು ಅಂದರೆ ಕಷ್ಟವೇ ಇಲ್ಲ. ಶ್ರೀಮತಿ ಕಂಬಾರ ಅಂದರೆ ಆಯಿತು.

ಆಗ ಹೊಳೆದ ಒಂದು ವಿಷಯ ಇವತ್ತಿಗೂ ತಲೆಯಲ್ಲಿದೆ. ಬೆಂಗಳೂರಲ್ಲಿ ಕಸುಬು ಇರಲಿಲ್ಲವೇ? ಬೇಕಾದಷ್ಟಿತ್ತು. ಆದರೆ ಇಲ್ಲಿ ಅದು ಮನುಷ್ಯನಿಗೆ ಅಂಟಲಿಲ್ಲ, ಬೀದಿಗೆ ಅಂಟಿತು. ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ಬಳೇಪೇಟೆ. ಗಾಣಿಗ ಬೇರೆ ಬಡಾವಣೆಗೆ ಮನೆ ಮಾಡಿ ಹೋದ, ಹೆಸರು ಪೇಟೆಯಲ್ಲೇ ಉಳಿಯಿತು. ಗೋಕಾಕದಲ್ಲಿ ಮನುಷ್ಯ ಹೋದಲ್ಲೆಲ್ಲ ಹೆಸರೂ ಹೋಯಿತು. ತ್ಬಿಲಿಸಿಯಲ್ಲೂ ಹಾಗೆಯೇ. ಅಲ್ಲಿ ಬಡಗಿಗೆ 'ದುರ್ಗಲಿ' ಅನ್ನುತ್ತಾರೆ, ಅವನ ಕುಡಿ 'ದುರ್ಗ್ಲಿಶ್ವಿಲಿ'. ನಮ್ಮ ಬಡಿಗೇರ. ಇಲ್ಲೂ ನಡುವಿನ ಸ್ವರ ಬಿತ್ತು, ಗಮನಿಸಿದಿರಾ? ಪಾದ್ರಿ 'ಖುತ್ಸೇಸಿ', ಅವನ ಮನೆಯವರು 'ಖುತ್ಸಿಶ್ವಿಲಿ'. ನಮ್ಮ ಕಡೆ ಮಠ, ಹಿರೇಮಠ ಇಲ್ಲವೇ, ಹಾಗೆ ಅಂತಿಟ್ಟುಕೊಳ್ಳಿ.

ಗಾರೆ ಕೆಲಸದವನಿಗೆ 'ಕಲಾತೋಝಿ'. 1903ರಲ್ಲಿ ತ್ಬಿಲಿಸಿಯಲ್ಲಿ ಹುಟ್ಟಿದ ಮಿಖಾಯಿಲ್ ಕಲಾತೋಝಿಶ್ವಿಲಿ ಸಿನಿಮಾ ನಿರ್ದೇಶಕನಾದ. ಲೋಕಕ್ಕೆ ಗೊತ್ತಾದದ್ದು ಕಲಾತೋಝೋವ್ ಅಂತ. 1958ರಲ್ಲಿ ಕಾನ್ ಚಿತ್ರೋತ್ಸವದ ಅತಿ ದೊಡ್ಡ ಪ್ರಶಸ್ತಿ ಪಡೆದದ್ದೂ ಅದೇ ಹೆಸರಿನಲ್ಲಿ. ರಷ್ಯಾ 1801ರಲ್ಲಿ ಪೂರ್ವ ಜಾರ್ಜಿಯಾವನ್ನು ನುಂಗಿದ ಮೇಲೆ ಹೀಗೆ ಬಾಲ ಬದಲಾದ ಮನೆತನಗಳು ಹಲವು. ತ್ಸಿತ್ಸಿಶ್ವಿಲಿ ರಾಜಮನೆತನದವರು ತ್ಸಿತ್ಸಿಯಾನೋವ್ ಆದರು. ಬೆಳಗಾವಿ, ಕಾರವಾರ ಕಡೆ ಊರ ಹೆಸರಿಗೆ '-ಕರ್' ಅಂಟಿದ್ದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಪಕ್ಕದ ದೊಡ್ಡ ಭಾಷೆಯ ಗಾಳಿ ಮೊದಲು ತಾಗುವುದು ಹೆಸರಿನ ತುದಿಗೇ.

ಕಂಬಾರರ ಬಗ್ಗೆ ಜಾರ್ಜಿಯನ್ನರ ಒಂದು ಕಥೆ ಇದೆ. ಮಗಳು ಒಡತಿಯ ಹತ್ತಿರ ಕೇಳಿ ನೋಡಲಿ, ಅಮಿರಾನಿ ಅಂದರೆ ಸಾಕು. ಅಮಿರಾನಿ ಮಹಾ ಬಲಶಾಲಿ. ಕೊನೆಗೆ ದೇವರಿಗೇ ಸವಾಲು ಹಾಕಿದ. ದೇವರು ಅವನನ್ನು ಕಾಕಸಸ್ ಬೆಟ್ಟದೊಳಗೆ ಸರಪಳಿಯಲ್ಲಿ ಬಿಗಿದ. ಜೊತೆಗೆ ಇರುವುದು ಅವನ ನಾಯಿ ಒಂದೇ. ಆ ನಾಯಿ ವರ್ಷವಿಡೀ ಕೂತು ಸರಪಳಿ ನೆಕ್ಕುತ್ತದೆ. ನೆಕ್ಕಿ ನೆಕ್ಕಿ ಕಬ್ಬಿಣ ಸವೆದು ದಾರದಷ್ಟಾಗುತ್ತದೆ. ಇನ್ನೇನು ಕಡಿಯಬೇಕು, ಅಷ್ಟರಲ್ಲಿ ಈಸ್ಟರ್ ಹಬ್ಬದ ಮೊದಲಿನ ಗುರುವಾರ ಬರುತ್ತದೆ. ಅವತ್ತು ಊರೂರಿನ ಕಂಬಾರರು ಕುಲುಮೆಗೆ ಹೋಗಿ ಅಡಿಗಲ್ಲಿನ ಮೇಲೆ ಸುತ್ತಿಗೆಯಿಂದ ಬಡಿಯುತ್ತಾರೆ. ಕಾಯಿಸಿದ ಕಬ್ಬಿಣ ಇಲ್ಲ, ಮಾಡಬೇಕಾದ ಕುಡುಗೋಲು ಇಲ್ಲ, ಬರೀ ಅಡಿಗಲ್ಲಿಗೆ ಏಟು. ಆ ಸದ್ದಿಗೆ ಬೆಟ್ಟದೊಳಗಿನ ಸರಪಳಿ ಮತ್ತೆ ದಪ್ಪವಾಗುತ್ತದೆ. ನಾಯಿ ಮತ್ತೆ ಮೊದಲಿಂದ ನೆಕ್ಕಲು ಶುರು ಮಾಡಬೇಕು. ನನಗೆ ಪಾಪ ಅನ್ನಿಸುವುದು ಆ ನಾಯಿಯನ್ನು ನೆನೆಸಿಕೊಂಡಾಗ. ಗೋಕಾಕದಲ್ಲಿ ನಮ್ಮ ರೂಮಿನ ಹಿಂದೆ ಒಂದು ಕುಲುಮೆ ಇತ್ತು. ಆಯುಧಪೂಜೆಯ ದಿನ ಮಾತ್ರ ಅದು ಸದ್ದು ಮಾಡುತ್ತಿರಲಿಲ್ಲ. ಅಡಿಗಲ್ಲಿಗೆ ಅರಿಶಿನ ಕುಂಕುಮ ಇಟ್ಟು, ಸುತ್ತಿಗೆಗೆ ಹೂ ಮುಡಿಸಿ ಮಲಗಿಸುತ್ತಿದ್ದರು. ತಿದಿಯೂ ಅವತ್ತು ಉಸಿರಾಡುತ್ತಿರಲಿಲ್ಲ. ಒಂದು ಕಡೆ ಹಬ್ಬಕ್ಕೆ ಸುತ್ತಿಗೆಗೆ ರಜಾ, ಇನ್ನೊಂದು ಕಡೆ ಹಬ್ಬಕ್ಕೇ ಸುತ್ತಿಗೆಗೆ ಕೆಲಸ.

ಈ ಹೆಸರಿನ ಪ್ರಸಿದ್ಧರಲ್ಲಿ ನನಗೆ ಮೊದಲು ನೆನಪಾಗುವುದು 1979ರಲ್ಲಿ ಹುಟ್ಟಿದ ಮಿಖೇಲ್ ಮ್ಚೆದ್ಲಿಶ್ವಿಲಿ. ಚೆಸ್ ಗ್ರ್ಯಾಂಡ್‌ಮಾಸ್ಟರ್, ಜಾರ್ಜಿಯಾ ತಂಡಕ್ಕೆ ಒಲಿಂಪಿಯಾಡ್ ಆಡಿದವರು. ಅವರ ಪಶ್ಚಿಮದ ದಾಯಾದಿ ಹೆಸರಿನ ಲೆವಾನ್ ಮ್ಚೆದ್ಲಿದ್ಜೆ ಇಟಲಿಯ ಎಂಪೋಲಿ ಕ್ಲಬ್ಬಿಗೆ ಫುಟ್‌ಬಾಲ್ ಆಡಿದವರು. ಒಬ್ಬರು ಮರದ ಕಾಯಿ ನಡೆಸುವವರು, ಇನ್ನೊಬ್ಬರು ಚೆಂಡು ಒದೆಯುವವರು. ಕಬ್ಬಿಣ ಮುಟ್ಟುವವರು ಇಬ್ಬರೂ ಅಲ್ಲ.

ಇನ್ನು ಮಗಳ ಸರ್‌ನೇಮ್. ಅವರು ಕೇಳಿದ್ದು 'ಗ್ವಾರಿ'. ಹೆಸರಿಗೆ 'ಸಾಖೆಲಿ', ಮನೆತನದ ಹೆಸರಿಗೆ 'ಗ್ವಾರಿ'. ನಮ್ಮ ಹಳೇ ಮೈಸೂರಿನವರಿಗೆ ಈ ಗ್ವಾರಿ ಒಂದು ದೊಡ್ಡ ಪೀಡೆ. ನನಗೂ ಆಗಿದೆ. ಒಂದು ಕಚೇರಿಯಲ್ಲಿ ಕಂಪ್ಯೂಟರ್ ನನ್ನ ಅರ್ಜಿಯನ್ನು ತೆಗೆದುಕೊಳ್ಳಲೇ ಇಲ್ಲ, ಸರ್‌ನೇಮ್ ಜಾಗ ಖಾಲಿ ಅಂತ. ಆ ಹುಡುಗ ನನ್ನ ಎರಡು ಇನಿಷಿಯಲ್‌ಗಳನ್ನೇ ಅಲ್ಲಿ ತುಂಬಿದ. ಆವತ್ತಿನಿಂದ ಆ ಕಚೇರಿಯ ಎಲ್ಲ ಕಾಗದದಲ್ಲೂ ನಾನು 'ಶ್ರೀ ಎಚ್.ಎಸ್.' ಮನೆತನದವನು. ಅದನ್ನು ಸರಿ ಮಾಡಿಸಲು ಎಂಟು ತಿಂಗಳು ಓಡಾಡಿದೆ. ಆದ್ದರಿಂದ ಮಗಳಿಗೆ ಹೇಳಿ: ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಅಕ್ಷರ ಅಕ್ಷರ ಹಾಗೇ ಬರೆಯಲಿ. ಅಲ್ಲಿ ಸರ್‌ನೇಮ್ ಖಾಲಿ ಇದ್ದರೆ ಒಡತಿಗೆ ಆ ಪುಟವನ್ನೇ ತೋರಿಸಲಿ. ಸಮಾಧಾನಕ್ಕೆ ಅಂತ ಊರ ಹೆಸರನ್ನೋ, ತಾತನ ಹೆಸರನ್ನೋ ಹೊಸದಾಗಿ ಅಂಟಿಸುವುದು ಬೇಡ. ಆಮೇಲೆ ಡಿಗ್ರಿ ಸರ್ಟಿಫಿಕೇಟಿನಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಒಂದು ಹೆಸರು ಆಗಿ ಎಂಟು ತಿಂಗಳಲ್ಲ, ಎಂಟು ವರ್ಷ ಓಡಾಡಬೇಕಾದೀತು.

ಪ್ರಶ್ನೆ: ಸ್ಟಾಲಿನ್‌ನ ನಿಜವಾದ ಸರ್‌ನೇಮ್ ಜುಗಾಶ್ವಿಲಿ. ಜಾರ್ಜಿಯನ್‌ನಲ್ಲಿ 'ಜುಗಾ' ಅಂದರೆ ಉಕ್ಕು, ಅದನ್ನೇ ರಷ್ಯನ್‌ಗೆ ಅನುವಾದಿಸಿ ಸ್ಟಾಲಿನ್ ಅಂತ ಇಟ್ಟುಕೊಂಡ ಅಂತ ನಮ್ಮ ಮೇಷ್ಟ್ರು ಹೇಳುತ್ತಿದ್ದರು. ನಿಜವೇ?
ಓದುಗ, ವಿಜಯನಗರ

ಉತ್ತರ: ಅರ್ಧ ನಿಜ. ರಷ್ಯನ್ 'ಸ್ಟಾಲ್' ಅಂದರೆ ಉಕ್ಕು, ಅದು ಸರಿ. ಆದರೆ ಜಾರ್ಜಿಯನ್‌ನಲ್ಲಿ ಉಕ್ಕಿಗೆ 'ಫೋಲಾದಿ' ಅನ್ನುತ್ತಾರೆ, ಪಾರಸಿಯಿಂದ ಬಂದದ್ದು, ಹಿಂದಿಯ ಫೌಲಾದ್ ಅದೇ. 'ಜುಗಾ' ಉಕ್ಕಲ್ಲ. ಅದರ ಮೂಲದ ಬಗ್ಗೆ ಊಹೆಗಳು ಎರಡು ಮೂರಿವೆ. ಉಕ್ಕಿನದು ಕೇಳಲು ಚೆನ್ನಾಗಿದೆ ಅಂತ ಹಬ್ಬಿದೆ, ಅಷ್ಟೇ. ಹೆಸರು ಇಟ್ಟುಕೊಂಡವನಿಗೂ ಆ ಕಥೆಯಿಂದ ನಷ್ಟವೇನೂ ಇರಲಿಲ್ಲ!

ಅವನು ಹುಟ್ಟಿದ್ದು 1878ರಲ್ಲಿ, ಗೋರಿ ಊರಲ್ಲಿ. ಅಪ್ಪ ಬೆಸಾರಿಯೋನ್, ಚಮ್ಮಾರ. ಹಳೆಯ ಕಾಗದಪತ್ರದ ರೀತಿಯಲ್ಲಿ ಅವನ ಪೂರ್ತಿ ಹೆಸರು ಇಯೋಸೆಬ್ ಬೆಸಾರಿಯೋನಿಸ್ ದ್ಜೆ ಜುಗಾಶ್ವಿಲಿ. ಇಲ್ಲಿ 'ದ್ಜೆ' ಬೇರೆಯಾಗಿ ನಿಂತಿದೆ ನೋಡಿ, ಬೆಸಾರಿಯೋನನ ಮಗ ಅಂತ. ಮಗಳಾಗಿದ್ದರೆ ಆ ಜಾಗದಲ್ಲಿ 'ಅಸುಲಿ' ಬರುತ್ತಿತ್ತು. ಹಾಗಾಗಿ ಜಾರ್ಜಿಯನ್ನರು ಮಗ, ಮಗಳು ಅಂತ ಭೇದ ಮಾಡುವುದೇ ಇಲ್ಲ ಅಂತಲ್ಲ. ಅಪ್ಪನ ಹೆಸರಿನ ಹತ್ತಿರ ಮಾಡುತ್ತಾರೆ, ಮನೆತನದ ಹೆಸರಿನ ಹತ್ತಿರ ಮಾಡುವುದಿಲ್ಲ. ಮೇಲಿನ ತ್ಯಾಗರಾಜನಗರದವರೂ ಇದನ್ನು ಓದಿಕೊಳ್ಳಲಿ.

ಅಂದ ಹಾಗೆ, ಉಕ್ಕಿನ ಮಾತು ಬಂದರೆ ನಮಗೂ ಒಂದು ಪಾಲಿದೆ. ಇಂಗ್ಲಿಷಿನವರು ದಕ್ಷಿಣ ಭಾರತದ ಉಕ್ಕನ್ನು 'ವೂಟ್ಸ್' ಅಂತ ಕರೆದರಲ್ಲ, ಅದು ನಮ್ಮ 'ಉಕ್ಕು' ಪದವೇ ಬಾಯಿಂದ ಬಾಯಿಗೆ ಹೋಗಿ ಹಾಗಾದದ್ದು ಅಂತ ಪದಗಳ ಜಾಡು ಹಿಡಿದವರು ಹೇಳುತ್ತಾರೆ.

ಪ್ರಶ್ನೆ: ಹೆಂಗಸರ ಚೆಸ್ಸಿನಲ್ಲಿ ಜಾರ್ಜಿಯಾದ ಹೆಸರುಗಳು ಅಷ್ಟೊಂದು ಯಾಕೆ? ಎಲ್ಲವೂ '-ಶ್ವಿಲಿ', '-ದ್ಜೆ'!
ಚೆಸ್ ಕಲಿಯುವ ಹುಡುಗಿಯ ತಾಯಿ, ಮಲ್ಲೇಶ್ವರಂ

ಉತ್ತರ: ನೋನಾ ಗಪ್ರಿಂದಾಶ್ವಿಲಿ ಅನ್ನುವ ಒಬ್ಬರಿಂದ. 1941ರಲ್ಲಿ ಝುಗ್ದಿದಿಯಲ್ಲಿ ಹುಟ್ಟಿದರು. 1962ರಲ್ಲಿ ಹೆಂಗಸರ ವಿಶ್ವ ಚಾಂಪಿಯನ್ ಆದರು, 16 ವರ್ಷ ಆ ಪಟ್ಟ ಬಿಡಲಿಲ್ಲ. 1978ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಪದವಿ ಪಡೆದ ಮೊದಲ ಹೆಂಗಸೂ ಅವರೇ. ಅದೇ ವರ್ಷ ಅವರ ವಿಶ್ವ ಪಟ್ಟವನ್ನು ಕಿತ್ತುಕೊಂಡದ್ದು ಯಾರು? ಅವರದೇ ದೇಶದ, ಕುತಾಯಿಸಿಯ 17 ವರ್ಷದ ಹುಡುಗಿ ಮಾಯಾ ಚಿಬುರ್ದಾನಿದ್ಜೆ. ಶ್ವಿಲಿಯ ಕೈಯಿಂದ ದ್ಜೆಯ ಕೈಗೆ ಹೋಯಿತು, ಮನೆಯೊಳಗೇ ಉಳಿಯಿತು. ಮಾಯಾ 1991ರವರೆಗೆ ಇಟ್ಟುಕೊಂಡಿದ್ದರು. ಅಂದರೆ ಒಟ್ಟು 29 ವರ್ಷ ಎರಡೇ ಸರ್‌ನೇಮು. ಮಾಯಾ ಅವರದ್ದು ಮೂಲದಲ್ಲಿ 'ಮಗ' ಅನ್ನುವ ಬಾಲ ಅನ್ನುವುದನ್ನು ಮರೆಯಬೇಡಿ. ಹುಡುಗಿಯೊಬ್ಬಳು ಅದನ್ನು ಹೊತ್ತುಕೊಂಡು ಜಗತ್ತನ್ನು ಗೆದ್ದಳು, ಯಾರೂ ವ್ಯಾಕರಣ ಕೇಳಲಿಲ್ಲ.

2025ರ ಜುಲೈಯಲ್ಲಿ ಹೆಂಗಸರ ವಿಶ್ವಕಪ್ ಫೈನಲ್ ನಡೆದದ್ದು ಜಾರ್ಜಿಯಾದ ಬತೂಮಿಯಲ್ಲಿ. ಆಡಿದ ಇಬ್ಬರೂ ನಮ್ಮವರು, ಕೊನೇರು ಹಂಪಿ ಮತ್ತು ದಿವ್ಯಾ ದೇಶಮುಖ್. ಗೆದ್ದದ್ದು ದಿವ್ಯಾ. ದೇಶಮುಖ್ ಕೂಡ ಕಸುಬಿನ ಹೆಸರೇ, ಊರುಗಳ ಕಂದಾಯ ನೋಡಿಕೊಳ್ಳುತ್ತಿದ್ದವರದು.

ಪ್ರಶ್ನೆ: ಜಾರ್ಜಿಯಾದಲ್ಲಿ ಅತಿ ಹೆಚ್ಚು ಜನರಿಗೆ ಇರುವ ಸರ್‌ನೇಮ್ ಯಾವುದು? ನಮ್ಮ ಗೌಡ ಇದ್ದ ಹಾಗೆ.
ಓದುಗ, ಯಲಹಂಕ

ಉತ್ತರ: ಬೆರಿದ್ಜೆ. 'ಬೆರಿ' ಅಂದರೆ ಇವತ್ತಿನ ಮಾತಿನಲ್ಲಿ ಸನ್ಯಾಸಿ. ಸನ್ಯಾಸಿಗೆ ಮಗ ಎಲ್ಲಿಂದ ಬಂದ ಅಂತ ಕೇಳುತ್ತೀರಿ, ಗೊತ್ತು! ಹಳೆಯ ಭಾಷೆಯಲ್ಲಿ ಅದಕ್ಕೆ ಮುದುಕ, ಹಿರಿಯ ಅಂತಲೂ ಅರ್ಥ ಇತ್ತು. ಹಿರಿಯನ ಮಗ ಅಂದುಕೊಂಡರೆ ಯಾರ ಮಾನವೂ ಹೋಗುವುದಿಲ್ಲ.

ಪ್ರಶ್ನೆ: ಜಾರ್ಜಿಯಾದ ರಾಣಿಯೊಬ್ಬಳ ಮೂಳೆ ಗೋವಾದಲ್ಲಿ ಸಿಕ್ಕಿತು ಅಂತ ಓದಿದ್ದೆ. ಅವಳದ್ದೂ '-ಶ್ವಿಲಿ' ಹೆಸರೇ?
ಓದುಗಿ, ಜಯನಗರ

ಉತ್ತರ: ಅಲ್ಲ. ಅವಳು ರಾಣಿ ಕೇತೆವಾನ್, ಬಾಗ್ರಾತಿಯೋನಿ ಮನೆತನದವಳು. ಬಾಗ್ರಾತ್ ಅನ್ನುವವನ ವಂಶ ಅಂತ. ಕಾಖೇತಿಯ ಆ ರಾಣಿಯನ್ನು ಪರ್ಷಿಯಾದ ಶಾ ಅಬ್ಬಾಸ್ ಸೆರೆಯಲ್ಲಿ ಇಟ್ಟಿದ್ದ. ಮತ ಬಿಡಲು ಒಪ್ಪಲಿಲ್ಲ ಅಂತ 1624ರಲ್ಲಿ ಶಿರಾಜ್‌ನಲ್ಲಿ ಹಿಂಸೆ ಕೊಟ್ಟು ಕೊಲ್ಲಿಸಿದ. ಪೋರ್ಚುಗೀಸ್ ಪಾದ್ರಿಗಳು ಅವಳ ಅಸ್ಥಿಯ ಒಂದು ಭಾಗವನ್ನು 1627ರಲ್ಲಿ ಗೋವಾಕ್ಕೆ ತಂದರು. ಹಳೇ ಗೋವಾದ ಸೇಂಟ್ ಆಗಸ್ಟೀನ್ ಚರ್ಚಿನ ಅವಶೇಷಗಳಲ್ಲಿ ಮೂಳೆ ಸಿಕ್ಕಿತು, ಹೈದರಾಬಾದಿನ ಸಿಸಿಎಂಬಿ ಅನ್ನುವ ಜೀವಕೋಶ ಸಂಶೋಧನಾ ಸಂಸ್ಥೆಯಲ್ಲಿ ಡಿಎನ್‌ಎ ಪರೀಕ್ಷೆ ಆಯಿತು. 2021ರ ಜುಲೈಯಲ್ಲಿ ಭಾರತ ಸರ್ಕಾರ ಅದನ್ನು ತ್ಬಿಲಿಸಿಗೆ ಒಪ್ಪಿಸಿತು. ಸುಮಾರು ನಾನೂರು ವರ್ಷದ ಮೇಲೆ ಹೆಣ್ಣುಮಗಳು ತವರಿಗೆ ಹೋದಳು.

ಪ್ರಶ್ನೆ: ಮೇಲಿನ ಪ್ರಶ್ನೆ ಕಳಿಸಿದ ಮೇಲೆ ನೆನಪಾಯಿತು. ಮಗಳು ಒಡತಿಯನ್ನು 'ಮಿಸೆಸ್ ಮ್ಚೆದ್ಲಿಶ್ವಿಲಿ' ಅಂತ ಕರೆಯಬೇಕೇ? ಅವಳಿಗೆ ಇನ್ನೂ ನಾಲಿಗೆ ತಿರುಗುತ್ತಿಲ್ಲ.
ಅದೇ ತಂದೆ, ತ್ಯಾಗರಾಜನಗರ

ಉತ್ತರ: ಬೇಡವೇ ಬೇಡ. ಅಲ್ಲಿ ಮರ್ಯಾದೆಗೆ ಸರ್‌ನೇಮ್ ಹಿಡಿದು ಕರೆಯುವ ರೂಢಿ ಕಮ್ಮಿ. ಹೆಂಗಸರಾದರೆ 'ಕಲ್ಬತೋನೋ' ಅಂದು ಅವರ ಸ್ವಂತ ಹೆಸರು ಸೇರಿಸುತ್ತಾರೆ, ಗಂಡಸರಾದರೆ 'ಬತೋನೋ'. 'ಕಲ್ಬತೋನೋ ನಿನೋ', 'ಬತೋನೋ ಗಿಯೋರ್ಗಿ', ಹೀಗೆ. ನಾವು ಶಾರದಮ್ಮನೋರೇ, ರಾಯರೇ ಅಂದ ಹಾಗೆ. ಆಕೆಯ ಮೊದಲ ಹೆಸರು ಯಾವುದು ಅಂತ ಮಾತ್ರ ನೀವು ನನಗೆ ಬರೆದೇ ಇಲ್ಲ.